ಹಿಂದಿನ ಕೋಣೆಯ ಮಂಗಳವಾರ

ಬ್ಲೂಮಾ ರೆಖ್ಟರ್‌ಗೆ ಸಿಟ್ಟು ಬಂದಿದೆ ಅನ್ನುವುದು ಅವಳ ಮುಖ ನೋಡುವುದಕ್ಕೆ ಮೊದಲು ಅವಳ ಕೇಕಿನಿಂದ ಗೊತ್ತಾಗುತ್ತಿತ್ತು. ಮನಸ್ಸು ತಣ್ಣಗಿದ್ದ ವಾರ ಅವಳು ಮಾಡಿದ ಗಸಗಸೆ ಕೇಕು ಬಾಯಿಗಿಟ್ಟರೆ ಕರಗುತ್ತಿತ್ತು. ಸಿಟ್ಟಿದ್ದ ವಾರ ಹಿಟ್ಟನ್ನು ಸೇಡು ತೀರಿಸಿಕೊಳ್ಳುವವಳ ಹಾಗೆ ಬಡಿದು ಬಡಿದು ಕಲಸಿರುತ್ತಿದ್ದಳು, ಅದು ಚಪ್ಪಲಿಯ ಅಟ್ಟೆಯಂತಾಗಿರುತ್ತಿತ್ತು. ಆ ಮಂಗಳವಾರ ಸಂಜೆ ಪಾಠಕ್ಕೆ ಬಂದ ಹುಡುಗಿ ದಾಶಾ ಒಂದು ತುಂಡು ಕಚ್ಚಿದಳು, ಬಾಯಿಂದ ಹೊರಗೆ ತೆಗೆದು ತಿರುಗಿಸಿ ನೋಡಿದಳು.

"ಮೋರಾ, ಇವತ್ತು ಯಾರ ಗ್ರಹಚಾರ ಕೆಟ್ಟಿದೆ?"

ಮೋರಾ ಅಂದರೆ ಟೀಚರಮ್ಮ. ಮಕ್ಕಳಷ್ಟೇ ಅಲ್ಲ, ಮಕ್ಕಳ ಅಪ್ಪ ಅಮ್ಮಂದಿರೂ ಬ್ಲೂಮಾಳನ್ನು ಹಾಗೇ ಕರೆಯುತ್ತಿದ್ದರು. ಅವರಲ್ಲಿ ಅರ್ಧ ಜನಕ್ಕೆ ಅವಳೇ ಪಾಠ ಹೇಳಿದ್ದಳು.

"ಸುಮ್ನೆ ತಿನ್ನು. ಹಲ್ಲು ಗಟ್ಟಿಯಾಗತ್ತೆ," ಅಂದಳು ಬ್ಲೂಮಾ.

ಮೆಲ್ಬರ್ನಿನ ಕಾಲ್‌ಫೀಲ್ಡ್ ಕಡೆ ಒಂದು ಹಳೆಯ ಶೂಲ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ. ಮುಂದುಗಡೆ ಪ್ರಾರ್ಥನೆಯ ದೊಡ್ಡ ಹಾಲು, ಅದರ ಹಿಂದೆ ಅಡುಗೆಮನೆ, ಅಡುಗೆಮನೆಗೆ ಅಂಟಿಕೊಂಡಂತೆ ಒಂದು ಉದ್ದನೆಯ ಕೋಣೆ. ಆ ಕೋಣೆಗೆ ಸೂಪಿನ ವಾಸನೆ ಎಂದೂ ಬಿಟ್ಟಿದ್ದಿಲ್ಲ. ನಮ್ಮವರ ಖಾಸಗಿ ಶಾಲೆಗೆ ಹೋಗುವ ಮಕ್ಕಳಿಗೆ ತೋರಾ ಅನ್ನುವ ಧರ್ಮಗ್ರಂಥ, ಹೀಬ್ರೂ, ಹಬ್ಬ ಹರಿದಿನ ಎಲ್ಲವೂ ಶಾಲೆಯಲ್ಲೇ ಸಿಗುತ್ತದೆ. ಸರ್ಕಾರಿ ಶಾಲೆಯ ಮಕ್ಕಳಿಗೆ ಇದ್ದದ್ದು ಆ ಕೋಣೆ, ಆ ಮಂಗಳವಾರ ಸಂಜೆ, ಆ ಬ್ಲೂಮಾ. ಶಾಲೆ ಬಿಟ್ಟೊಡನೆ ಯೂನಿಫಾರ್ಮಿನಲ್ಲೇ, ಅಗಲ ಅಂಚಿನ ಟೋಪಿ ಬೆನ್ನಿಗೆ ನೇತಾಡಿಸಿಕೊಂಡು, ಟ್ರ್ಯಾಮ್ ಇಳಿದು ಓಡಿ ಬರುತ್ತಿದ್ದವು. ಕರೆತಂದ ಅಪ್ಪ ಅಮ್ಮಂದಿರಿಗೆ ಬಿಟ್ಟು ಹೋಗುವ ಸ್ವಾತಂತ್ರ್ಯವಿರಲಿಲ್ಲ. "ಮಗೂಗೆ ಕಲಿಸಿ ನಿಮ್ಮನ್ನ ಹಾಗೇ ಬಿಟ್ರೆ ಮನೆಗೆ ಹೋಗಿ ಅದು ಯಾರ ಜೊತೆ ಮಾತಾಡ್ಬೇಕು?" ಅಂತ ಬ್ಲೂಮಾ ಅವರನ್ನೂ ಹಿಂದಿನ ಸಾಲಿನ ಪುಟ್ಟ ಕುರ್ಚಿಗಳಲ್ಲಿ ಮಂಡಿ ಮಡಿಸಿ ಕೂರಿಸುತ್ತಿದ್ದಳು.

ಹಾಗೆ ಕೂತವರಲ್ಲಿ ದಾಶಾಳ ತಾಯಿ ರಿಮ್ಮಾ ಒಬ್ಬಳು. ಲ್ಯಾಬಿನಲ್ಲಿ ದಿನವಿಡೀ ಜನರ ರಕ್ತ ತೆಗೆಯುವ ಕೆಲಸ ಅವಳದು. ತಾಷ್ಕೆಂಟಿನಲ್ಲಿ ಹುಟ್ಟಿ ಬೆಳೆದವಳು. ತಾವು ಯಹೂದಿಗಳು ಅನ್ನುವುದೊಂದು ಬಿಟ್ಟು ಬೇರೇನೂ ಗೊತ್ತಿಲ್ಲದೆ ಬೆಳೆದವಳು. ಚಿಕ್ಕವಳಿದ್ದಾಗ ವರ್ಷಕ್ಕೊಂದು ದಿನ ಅವಳ ಅಜ್ಜಿಗೆ ಹೊಟ್ಟೆನೋವು ಬರುತ್ತಿತ್ತಂತೆ. ಆ ದಿನ ಅಜ್ಜಿ ಒಂದು ಗುಟುಕು ನೀರನ್ನೂ ಮುಟ್ಟುತ್ತಿರಲಿಲ್ಲ. ಅದು ಉಪವಾಸ, ಅದು ಯೋಮ್ ಕಿಪ್ಪುರ್ ಅನ್ನುವ ಪ್ರಾಯಶ್ಚಿತ್ತದ ದಿನ, ಆಗಿನ ಸರ್ಕಾರದ ಹೆದರಿಕೆಗೆ ಅಜ್ಜಿ ಹೊಟ್ಟೆನೋವು ಅಂತಿದ್ದಳು ಎನ್ನುವುದು ರಿಮ್ಮಾಗೆ ಹೊಳೆದದ್ದು ಇದೇ ಕೋಣೆಯಲ್ಲಿ, ಮಗಳ ಪಾಠ ಕೇಳುತ್ತಾ. ಅವತ್ತು ಆ ಪುಟ್ಟ ಕುರ್ಚಿಯಲ್ಲೇ ಮುಖ ಮುಚ್ಚಿಕೊಂಡು ಅತ್ತಿದ್ದಳು. ಈಗ ಮಗಳ ಪಕ್ಕ ಕೂತು ತಾನೂ ಬೆರಳಿಟ್ಟು ಅಕ್ಷರ ಕೂಡಿಸಿ ಓದುತ್ತಿದ್ದಳು.

ಇಂಥ ಕೋಣೆಯನ್ನು ಮುಚ್ಚುತ್ತೇನೆ ಅಂತ ಡ್ಯಾರೆನ್ ಶಾಫ್ರಾನ್ ಹೊರಟಿದ್ದ. ಕೇಕು ಅಟ್ಟೆಯಾದದ್ದು ಅದಕ್ಕೆ.

ಡ್ಯಾರೆನ್ ಶೂಲಿನ ಅಧ್ಯಕ್ಷ. ಫ್ಲ್ಯಾಟು ಕಟ್ಟಿಸಿ ಮಾರುವ ಕುಳ. ಹುಡುಗನಾಗಿದ್ದಾಗ ಬ್ಲೂಮಾಳ ಹತ್ತಿರವೇ ಕಲಿತವನು. ಕಲಿತವನು ಅನ್ನುವುದೂ ದೊಡ್ಡ ಮಾತೇ, ಮಳೆ ಬಂದು ಫುಟ್ಬಾಲ್ ಆಟ ನಿಂತ ಮಂಗಳವಾರಗಳಲ್ಲಿ ಮಾತ್ರ ಬರುತ್ತಿದ್ದ. ಅವನು ಭಾನುವಾರ ಚಾಕಲೇಟ್ ಡಬ್ಬಿ ಹಿಡಿದು ಬ್ಲೂಮಾಳ ಮನೆಗೆ ಬಂದಾಗಲೇ ಅವಳಿಗೆ ಅನುಮಾನ ಬಂದಿತ್ತು.

"ಮೋರಾ, ನಿಮಗೂ ವಯಸ್ಸಾಯ್ತು. ಎಷ್ಟೂಂತ ಒದ್ದಾಡ್ತೀರಾ?"

"ವಯಸ್ಸಾಗಿರೋದು ನಂಗೆ. ಒದ್ದಾಡ್ತಿರೋದು ನೀನು. ವಿಷಯ ಹೇಳು."

"ಹಿಂದಿನ ರೂಮನ್ನ ಸದಸ್ಯರಿಗೆ ಲೌಂಜ್ ಮಾಡೋಣ ಅಂತ ಕಮಿಟೀಲಿ ತೀರ್ಮಾನ ಆಯ್ತು. ಸೋಫಾ ಹಾಕ್ಸಿ, ಗಾಜಿನ ಗೋಡೆ ಕಟ್ಸಿ... ಪ್ರಾರ್ಥನೆ ಮುಗಿದ್ಮೇಲೆ ನಾಲ್ಕು ಜನ ಕೂತು ಒಂದು ಗುಟುಕು ವಿಸ್ಕಿ ತಗೊಳ್ಳೋಕೆ ಜಾಗ ಬೇಡ್ವಾ? ಹೊಸಬರು ಬರ್ತಾರೆ ಮೋರಾ."

"ಮಕ್ಕಳು?"

"ಆ್ಯಪ್ ಇದೆ. ಎಷ್ಟು ಚೆನ್ನಾಗಿದೆ ಗೊತ್ತಾ? ಅಕ್ಷರ ಮುಟ್ಟಿದ್ರೆ ಹಾಡು ಹೇಳತ್ತೆ. ಮನೇಲೇ ಕಲೀಬಹುದು. ಈಗಿನ ಮಕ್ಕಳಿಗೆ ಅದೇ ಇಷ್ಟ."

"ನನ್ನ ಕೇಳ್ದೆ ತೀರ್ಮಾನ ಮಾಡಿದ್ರಾ? ಆ ಅಪ್ಪ ಅಮ್ಮಂದಿರನ್ನ ಕೇಳಿದ್ರಾ?"

ಡ್ಯಾರೆನ್ ಚಾಕಲೇಟ್ ಡಬ್ಬಿಯ ರಿಬ್ಬನ್ ಬಿಚ್ಚಿ ಡಬ್ಬಿಯನ್ನು ಅವಳ ಕಡೆ ತಳ್ಳಿದ. "ಮುಂದಿನ ಸೋಮವಾರ ಕೆಲಸದವರು ಬರ್ತಾರೆ," ಅಂದ.

ಅಂದರೆ ಉಳಿದದ್ದು ಒಂದೇ ಒಂದು ಮಂಗಳವಾರ. ಫೋನು ಮಾಡಿದರೆ ಕಮಿಟಿಯವರು ಒಬ್ಬೊಬ್ಬರೂ "ಡ್ಯಾರೆನ್‌ನ ಕೇಳಿ" ಅಂತ ಜಾರಿಕೊಂಡರು. ಶೂಲಿನ ಧರ್ಮಗುರು, ರಬ್ಬಿ, ಹಬ್ಬಗಳು ಮುಗಿದ ಸುಸ್ತಿನಲ್ಲಿ ರಜೆ ಹಾಕಿ, ಬಾಣಂತಿ ಮಗಳನ್ನು ನೋಡಲು ಸಿಡ್ನಿಗೆ ಹೋಗಿದ್ದ. ಅಳು ಬಂದಿದ್ದರೆ ಬ್ಲೂಮಾ ಅತ್ತು ಹಗುರಾಗುತ್ತಿದ್ದಳೇನೋ. ಅವಳಿಗೆ ಬರುತ್ತಿದ್ದದ್ದು ಬರೀ ಸಿಟ್ಟು.

ಆ ಮಂಗಳವಾರದ ಪಾಠ ತೋರಾದ ಮೊಟ್ಟಮೊದಲ ಅಧ್ಯಾಯ. ಶೂಲಿನಲ್ಲಿ ವರ್ಷವಿಡೀ ವಾರಕ್ಕಿಷ್ಟು ಅಂತ ಓದಿ ಮುಗಿಸಿ, ಶರತ್ಕಾಲದ ಹಬ್ಬಗಳಾದ ಮೇಲೆ ಮತ್ತೆ ಮೊದಲಿನಿಂದ ಶುರು. ಶರತ್ಕಾಲ ಅನ್ನುವುದು ಹಳೆಯ ದೇಶದ ಲೆಕ್ಕ, ಮೆಲ್ಬರ್ನಿನಲ್ಲಿ ಆಗ ವಸಂತ, ಮ್ಯಾಗ್ಪೈ ಹಕ್ಕಿಗಳು ಹಾದಿಹೋಕರ ನೆತ್ತಿ ಕುಕ್ಕುವ ಕಾಲ. ದೇವರು ಒಂದನೆಯ ದಿನ ಬೆಳಕು ಮಾಡಿದ, ಎರಡನೆಯ ದಿನ ನೀರನ್ನು ಬೇರೆ ಮಾಡಿದ, ಮೂರನೆಯ ದಿನ ನೆಲ, ಹುಲ್ಲು, ಮರ. ಭಾನುವಾರದಿಂದ ಎಣಿಸಿದರೆ ಮೂರನೆಯ ದಿನ ಅಂದರೆ ಮಂಗಳವಾರ. ಎರಡನೆಯ ದಿನ "ಒಳ್ಳೆಯದಾಯಿತು" ಅನ್ನದೇ ಇದ್ದ ದೇವರು ಅವತ್ತು ಅದನ್ನು ಎರಡು ಸಲ ಅಂದ. ಬೇರೆ ಜನ ಮಂಗಳವಾರ ಶುಭಕಾರ್ಯಕ್ಕೆ ಕೈ ಹಾಕುವುದಿಲ್ಲವಂತೆ. ನಮ್ಮವರಿಗೆ ಮದುವೆಯಾಗಲಿ, ಮನೆ ಬದಲಾಯಿಸುವುದಾಗಲಿ, ಮಂಗಳವಾರವಾದರೆ ಇನ್ನೂ ಒಳ್ಳೆಯದು. ಬ್ಲೂಮಾ ಪಾಠಕ್ಕೆ ಮಂಗಳವಾರ ಆರಿಸಿಕೊಂಡದ್ದೂ ಅದಕ್ಕೇ.

ಪಾಠದ ಕೊನೆಗೆ ಅವಳು ಕೋಣೆಯ ವಿಷಯ ಹೇಳಿದಳು. ಬಣ್ಣ ಹಚ್ಚಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹಿಂದಿನ ಸಾಲಿನಲ್ಲಿ ರಿಮ್ಮಾಳ ಬೆರಳು ಪುಸ್ತಕದ ಮೇಲೇ ನಿಂತಿತು.

"ನಂದು ಇನ್ನೂ ಅರ್ಧ ಪುಸ್ತಕ ಇದೆಯಲ್ಲ ಮೋರಾ," ಅಂದಳು. ಅಷ್ಟೇ ಅಂದದ್ದು.

ದಾಶಾ ಬಿಡಲಿಲ್ಲ. "ದೊಡ್ಡವರು ಮಾತು ಕೇಳ್ದಿದ್ರೆ ಹಿಂದಿನ ಕಾಲದಲ್ಲಿ ಏನ್ ಮಾಡ್ತಿದ್ರು?"

ಎಷ್ಟೋ ವರ್ಷಗಳಿಂದ ನೆನಪಿಗೇ ಬಾರದಿದ್ದ ಅಪ್ಪನ ಕಥೆಯೊಂದು ಬ್ಲೂಮಾಳ ಎದುರಿಗೆ ಬಂದು ನಿಂತಿತ್ತು.

"ಓದು ತಡೀತಿದ್ರು," ಅಂದಳು.

ಪೋಲೆಂಡಿನಲ್ಲಿ ಅಪ್ಪನ ಊರಲ್ಲಿ ಬಟ್ಟೆ ಒಗೆಯುವವಳೊಬ್ಬಳಿದ್ದಳು, ವಿಧವೆ. ಅವಳು ಒಗೆಯುತ್ತಿದ್ದ ಹೊಳೆಯ ಮೆಟ್ಟಿಲಿಗೆ ಅಡ್ಡವಾಗಿ ಊರಿನ ಸಾಹುಕಾರ ತನ್ನ ತೋಟದ ಗೋಡೆ ಎಬ್ಬಿಸಿಬಿಟ್ಟ. ಯಾರ ಬಾಗಿಲಿಗೆ ಹೋದರೂ ಅವಳ ಮಾತಿಗೆ ಯಾರೂ ಸೊಪ್ಪು ಹಾಕಲಿಲ್ಲ. ಆಮೇಲೆ ಶಬ್ಬಾತ್ ಬೆಳಗ್ಗೆ, ಅಂದರೆ ಕೆಲಸಕ್ಕೆಲ್ಲಾ ರಜೆಯಿರುವ ಶನಿವಾರ, ತೋರಾ ಸುರುಳಿ ತೆಗೆದು ಮೇಜಿನ ಮೇಲಿಟ್ಟ ಹೊತ್ತಿಗೆ, ಅವಳು ಹೆಂಗಸರ ಕಡೆಯಿಂದ ನೇರ ಬಂದು ಮೇಜು ಬಡಿದು ನಿಂತಳು. ಹಾಗೊಂದು ಹಳೆಯ ಪದ್ಧತಿಯಿತ್ತು. ಅನ್ಯಾಯವಾದವರು ಯಾರೇ ಇರಲಿ, ಬಡವಿ ಇರಲಿ, ಆಳು ಇರಲಿ, ಓದು ತಡೆದರೆ ತಡೆದದ್ದೇ. ಅವರ ದೂರು ಕೇಳಿ ಮಾತು ಕೊಡುವ ತನಕ ಊರೆಲ್ಲಾ ಕಾಯಬೇಕು.

"ಆಮೇಲೆ?" ಅಂದವು ಮಕ್ಕಳು.

"ಮಧ್ಯಾಹ್ನದ ತನಕ ಕಾದ್ರು. ಹೊಟ್ಟೆ ಹಸೀತು. ಗೋಡೆ ಬಿತ್ತು."

"ಆ ಪದ್ಧತಿ ಈಗ ಇಲ್ವಾ?" ದಾಶಾ ಕೇಳಿದಳು.

"ಯಾರೂ ತೆಗೆದುಹಾಕಿಲ್ಲ. ಮರ್ತಿದಾರೆ ಅಷ್ಟೆ," ಅಂದಳು ಬ್ಲೂಮಾ. ಅಂದವಳೇ ಶಬ್ಬಾತ್‌ಗೆ ಇನ್ನೆಷ್ಟು ದಿನ ಅಂತ ಬೆರಳು ಮಡಿಸಿ ಎಣಿಸಿದಳು.

ಶಬ್ಬಾತ್ ಬೆಳಗ್ಗೆ ಶೂಲು ತುಂಬಿತ್ತು. ಹೊಸ ವರ್ಷದ ಓದು ಮೊದಲಿನಿಂದ ಶುರುವಾಗುವ ವಾರ, ಜನ ಹೆಚ್ಚು. ಹಿಂದಿನ ಅಡುಗೆಮನೆಯಿಂದ ಚೋಲೆಂಟಿನ ಘಮ ಬರುತ್ತಿತ್ತು. ಮಾಂಸ, ಕಾಳು, ಆಲೂಗಡ್ಡೆ ಎಲ್ಲಾ ಶುಕ್ರವಾರ ಸಂಜೆಯಿಂದ ಸಣ್ಣ ಉರಿಯಲ್ಲಿ ಬೇಯುತ್ತಿರುವ ಘಮ, ಎಂಥ ಭಕ್ತನ ಮನಸ್ಸನ್ನೂ ಪ್ರಾರ್ಥನೆಯಿಂದ ಎಳೆದು ತಟ್ಟೆಯ ಮುಂದೆ ಕೂರಿಸುವಂಥದ್ದು. ಹೆಂಗಸರು, ಮಕ್ಕಳು ಮೇಲಿನ ಬಾಲ್ಕನಿಯಲ್ಲಿ. ಗಂಡಸರು ಕೆಳಗೆ, ಡ್ಯಾರೆನ್ ಮುಂದಿನ ಸಾಲಿನ ಅಧ್ಯಕ್ಷರ ಕುರ್ಚಿಯಲ್ಲಿ, ಬಿಳಿ ಶಾಲು ಹೊದ್ದು. ತೋರಾ ಓದುವ ಮುದುಕ ತೂವಿಯಾ ಸುರುಳಿ ಬಿಚ್ಚಿ, ಸಾಲು ತೋರಿಸುವ ಬೆಳ್ಳಿಯ ಕಡ್ಡಿ ಕೈಗೆ ತಗೊಂಡು ಕೆಮ್ಮಿ ಗಂಟಲು ಸರಿ ಮಾಡಿಕೊಂಡ.

ಆಗ ಬಾಲ್ಕನಿಯ ಮರದ ಮೆಟ್ಟಿಲು ಕಿರ್ರೆನ್ನತೊಡಗಿತು.

ಬ್ಲೂಮಾ ಇಳಿದು ಬಂದಳು. ಗಂಡಸರ ನಡುವೆ ನಡೆದು ಬಂದಳು. ಒಬ್ಬಿಬ್ಬರು "ಏಯ್, ಏಯ್" ಅಂದರು. ಮೇಜಿನ ಹತ್ತಿರ ಬಂದು ಅಂಗೈಯಿಂದ ಬಡಿದಳು.

"ನಾನು ಓದು ತಡೀತಾ ಇದ್ದೀನಿ!"

ಶಬ್ಬಾತ್ ದಿನ ಕರೆಂಟಿನ ಸಾಧನ ಯಾವುದನ್ನೂ ಮುಟ್ಟುವಂತಿಲ್ಲ, ಮೈಕೂ ಇರುವುದಿಲ್ಲ. ಬ್ಲೂಮಾಗೆ ಬೇಕಾಗಿಯೂ ಇರಲಿಲ್ಲ, ಗದ್ದಲದ ಮಕ್ಕಳ ಮೇಲೆ ಪಳಗಿದ ಗಂಟಲು ಅದು. ಕೋಣೆ, ಲೌಂಜು, ಸೋಮವಾರ ಬರುವ ಕೆಲಸದವರು, ಎಲ್ಲವನ್ನೂ ಹೇಳಿದಳು. "ಮೇಲೆ ಕೂತಿರೋ ಆ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ಅನ್ಯಾಯ ಆಗ್ತಿದೆ. ಕೋಣೆ ಉಳಿಸ್ತೀವಿ ಅಂತ ಮಾತು ಕೊಡಿ. ಅಲ್ಲಿ ತನಕ ಓದಿಲ್ಲ!"

ಡ್ಯಾರೆನ್ ಎದ್ದು ಹತ್ತಿರ ಬಂದು ಹಲ್ಲು ಕಚ್ಚಿ ಪಿಸುಗುಟ್ಟಿದ. "ಮೋರಾ, ಮರ್ಯಾದೆಯಾಗಿ ಮೇಲೆ ಹೋಗಿ. ಎಲ್ಲಾರೂ ನೋಡ್ತಿದಾರೆ."

"ನೋಡ್ಲಿ ಅಂತಾನೇ ಬಂದಿರೋದು."

"ಇದೆಲ್ಲಾ ಯಾವ ಕಾಲದ್ದು? ತೂವಿಯಾ, ನೀವು ಓದಿ."

ತೂವಿಯಾ ಬೆಳ್ಳಿ ಕಡ್ಡಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟ. "ನಾನು ಓದಲ್ಲಪ್ಪ. ತಡೆದಿದಾಳೆ."

"ಹಾಗೊಂದು ಪದ್ಧತಿ ಇದೆಯೇನ್ರೀ ನಿಜವಾಗ್ಲೂ?"

"ಇದೆ. ನಮ್ಮ ತಾತನ ಕಾಲದಲ್ಲಿ ಒಬ್ಬ ಹೀಗೇ ತಡೆದು ಊರಿಗೆ ಊರೇ ಉಪವಾಸ ಬಿದ್ದಿತ್ತಂತೆ. ನಂಗೇನು ಅವಸರ ಇಲ್ಲ, ಬೆಳಗ್ಗೆ ಗಂಜಿ ಕುಡ್ದು ಬಂದಿದೀನಿ." ಅಂದವನೇ ಕುರ್ಚಿ ಎಳೆದುಕೊಂಡು ಕೂತ.

ಬೆಂಚುಗಳಲ್ಲಿ ಗುಜುಗುಜು ಎದ್ದಿತು. ಕೆಲವರಿಗೆ ಸಿಟ್ಟು, ಕೆಲವರಿಗೆ ಮಜಾ, ಎಲ್ಲರಿಗೂ ಹಸಿವು. ಚೋಲೆಂಟು ತಳ ಹಿಡಿಯುವ ವಾಸನೆ ಸಣ್ಣಗೆ ಬರತೊಡಗಿದಾಗ ಯಾರೋ "ಡ್ಯಾರೆನ್, ಏನಾದ್ರೂ ಮಾಡಯ್ಯಾ" ಅಂದರು. ಡ್ಯಾರೆನ್‌ನ ಕುತ್ತಿಗೆ ಕೆಂಪಾಯಿತು. ಅವನು ಕೆಟ್ಟವನೇನಲ್ಲ, ಆದರೆ ನಾಲ್ಕು ಜನರ ಮುಂದೆ ಸೋತು ಅಭ್ಯಾಸವಿಲ್ಲದವನು.

"ಸರಿ! ತೂವಿಯಾ ಓದದಿದ್ರೆ ನಾನೇ ಓದ್ತೀನಿ. ಈ ವಾರದ್ದು ನನ್ನ ಬಾರ್ ಮಿತ್ಸ್ವಾ ಪಾಠ. ನಿದ್ದೇಲಿ ಎಬ್ಬಿಸಿದ್ರೂ ಹೇಳ್ತೀನಿ."

ಅದು ಸುಳ್ಳಲ್ಲ. ಹದಿಮೂರು ತುಂಬಿದ ಹುಡುಗ ಬಾರ್ ಮಿತ್ಸ್ವಾ ದಿನ ಎದ್ದು ನಿಂತು ಓದಿದ ಪಾಠವನ್ನು ಸಾಯುವ ತನಕ ಮರೆಯುವುದಿಲ್ಲ, ಕನಿಷ್ಠ ಹಾಗಂತ ಅಂದುಕೊಂಡಿರುತ್ತಾನೆ. ಡ್ಯಾರೆನ್ ಶಾಲು ಸರಿಮಾಡಿಕೊಂಡು, ಮಂಗಳ ವಾಕ್ಯ ಹೇಳಿ, ಕಡ್ಡಿ ಹಿಡಿದು ಶುರು ಮಾಡಿಯೇಬಿಟ್ಟ. ಬ್ಲೂಮಾ ಮೇಜಿನ ಪಕ್ಕ ಬೆಪ್ಪಾಗಿ ನಿಂತಳು. ತಡೆದ ಓದನ್ನು ತುಳಿದುಕೊಂಡು ಹೋಗುವಷ್ಟು ಧೈರ್ಯ ಅವನಿಗಿದೆ ಅಂತ ಅವಳು ಎಣಿಸಿರಲಿಲ್ಲ.

ಇನ್ನೂ ಕೆಟ್ಟದ್ದೆಂದರೆ, ಅವನು ಚೆನ್ನಾಗಿ ಓದುತ್ತಿದ್ದ. ಅವಳೇ ಕಲಿಸಿದ ರಾಗ. ಬೆಳಕು ಬಂತು, ಒಂದನೆಯ ದಿನ ಮುಗಿಯಿತು. ಎರಡನೆಯ ದಿನದ ನಡುವೆ ಒಂದು ಪದ ತಪ್ಪಿದ, ಬ್ಲೂಮಾಳ ಬಾಯಿ ಅವಳನ್ನು ಕೇಳದೆ ಸರಿಯಾದ ಪದವನ್ನು ಕೂಗಿಬಿಟ್ಟಿತು. ತಪ್ಪು ಓದಿದರೆ ಗೊತ್ತಿದ್ದವರು ಅಲ್ಲೇ ತಿದ್ದಬೇಕು, ಓದುವವನು ರಾಜನಾದರೂ ಸರಿ. ಅದು ನಿಯಮ, ಅದು ಅವಳ ರಕ್ತದಲ್ಲಿತ್ತು. ಡ್ಯಾರೆನ್ ತಿದ್ದಿಕೊಂಡು ಅವಳ ಕಡೆ ತಿರುಗಿ ಸಣ್ಣಗೆ ನಕ್ಕ. ನೋಡಿ ಮೋರಾ, ನೀವೇ ಓದಿಸ್ತಿದೀರಲ್ಲ, ಅನ್ನುವ ನಗು. ಬ್ಲೂಮಾಗೆ ತನ್ನ ನಾಲಿಗೆಯನ್ನೇ ಕಿತ್ತುಹಾಕುವಷ್ಟು ಸಿಟ್ಟು ಬಂತು. ತಡೆಯುವುದಕ್ಕೆ ಬಂದು ಏಣಿ ಹಾಕಿಕೊಟ್ಟೆನಲ್ಲ! ತುಟಿ ಬಿಗಿ ಹಿಡಿದು, ಇನ್ನು ಏನಾದರೂ ಸರಿ ಬಾಯಿ ತೆರೆಯುವುದಿಲ್ಲ ಅಂತ ಶಪಥ ಮಾಡಿಕೊಂಡಳು.

"ಸಂಜೆಯಾಯಿತು, ಬೆಳಗಾಯಿತು, ಎರಡನೆಯ ದಿನ" ಅಂತ ರಾಗವಾಗಿ ಮುಗಿಸಿದ ಡ್ಯಾರೆನ್ ಉಸಿರು ತಗೊಂಡು, ಆಕಾಶದಲ್ಲಿ ಸೂರ್ಯ ಚಂದ್ರರನ್ನು ಇಡುವಲ್ಲಿಗೆ ಹೋದ.

ಅದು ನಾಲ್ಕನೆಯ ದಿನ.

ಪ್ರತಿ ದಿನವೂ ಅದೇ ಮಾತಿನಲ್ಲಿ ಮುಗಿಯುತ್ತದೆ, ಸುರುಳಿಯಲ್ಲಿ ಚುಕ್ಕಿಯಿಲ್ಲ, ಗುರುತಿಲ್ಲ. ಬಾಯಿಪಾಠ ಮಾಡಿದ ಹುಡುಗರೆಲ್ಲಾ ಒಂದಲ್ಲ ಒಂದು ಸಲ ಇಲ್ಲಿ ಬೀಳುತ್ತಾರೆ. ಬ್ಲೂಮಾ ಉಗುರು ಅಂಗೈಗೆ ಒತ್ತಿಕೊಂಡಳು. ತೂವಿಯಾ ಚಾವಣಿ ನೋಡುತ್ತಾ ಕೂತ, ಅವನ ಗಡ್ಡ ಅಲುಗುತ್ತಿತ್ತು. ಉಳಿದವರು ಪುಸ್ತಕದಲ್ಲಿ ಸಾಲು ತಪ್ಪಿ ಹಾಳೆ ತಿರುವುತ್ತಿದ್ದರು.

ಆಗ ಮೇಲಿನಿಂದ ಒಂದು ಎಳೆಯ ಗಂಟಲು ಕೂಗಿತು.

"ಮಂಗಳವಾರ ನುಂಗ್ಬಿಟ್ರಿ!"

ಇಡೀ ಶೂಲು ಕತ್ತೆತ್ತಿತು. ದಾಶಾ ಬಾಲ್ಕನಿಯ ಕಟಕಟೆಯ ಮೇಲೆ ಹೊಟ್ಟೆಯ ತನಕ ಬಾಗಿದ್ದಳು, ರಿಮ್ಮಾ ಅವಳ ಲಂಗ ಹಿಡಿದಿದ್ದಳು.

"ಮೂರನೇ ದಿನ ಎಲ್ಲಿ? ನೆಲ ಎಲ್ಲಿ, ಹುಲ್ಲೆಲ್ಲಿ, ಮರ ಎಲ್ಲಿ? ಎರಡು ಸಲ ಒಳ್ಳೇದಾಯ್ತು ಅಂದಿದ್ದೆಲ್ಲಿ? ಸೂರ್ಯನ್ನ ತಂದ್ರಲ್ಲ, ಕೆಳಗೆ ನಿಂತ್ಕೊಳ್ಳೋಕೆ ನೆಲಾನೇ ಇಲ್ಲ!"

ಮೊದಲು ನಕ್ಕದ್ದು ತೂವಿಯಾ. ಆಮೇಲೆ ತಡೆಯಲಾಗಲಿಲ್ಲ, ಬೆಂಚಿನಿಂದ ಬೆಂಚಿಗೆ ನಗು ಹಬ್ಬಿತು. ಡ್ಯಾರೆನ್ ಕಿವಿಯ ತುದಿಯವರೆಗೂ ಕೆಂಪಾಗಿ ಸುರುಳಿಯ ಮೇಲೆ ಬಗ್ಗಿದ. ತಪ್ಪಿದರೆ ಹಿಂದಕ್ಕೆ ಹೋಗಿ ಸರಿಯಾಗಿ ಓದಲೇಬೇಕು. ಬೆಳ್ಳಿ ಕಡ್ಡಿ ಸಾಲಿನಿಂದ ಸಾಲಿಗೆ ಅಲೆಯಿತು, ಮೇಲೆ ಹೋಯಿತು, ಕೆಳಗೆ ಬಂತು. ಮೂರನೆಯ ದಿನ ಎಲ್ಲಿ ಶುರುವಾಗುತ್ತದೆ ಅನ್ನುವುದು ಅವನಿಗೆ ಸಿಗಲೇ ಇಲ್ಲ. ಬಾಯಿಗೆ ಬರುತ್ತಿದ್ದದ್ದು ರಾಗ, ಕಣ್ಣಿಗೆ ಓದು ಎಂದೋ ಮರೆತುಹೋಗಿತ್ತು.

"ಆ್ಯಪ್ ಕೇಳಪ್ಪ," ಅಂದ ತೂವಿಯಾ ಕೂತಲ್ಲಿಂದಲೇ. "ಓಹೋ, ಇವತ್ತು ಶಬ್ಬಾತ್ ಅಲ್ವಾ. ಅದಕ್ಕೂ ರಜಾ."

ಡ್ಯಾರೆನ್ ಬ್ಲೂಮಾಳ ಕಡೆ ನೋಡಿದ. ಆ ನೋಟ ಅವಳಿಗೆ ಗೊತ್ತಿತ್ತು. ಮಳೆ ಬಂದ ಮಂಗಳವಾರಗಳಲ್ಲಿ ಒದ್ದೆ ಶೂ ಹಾಕಿಕೊಂಡು ಬಂದು, ಪಾಠ ಬಾರದೆ ನಿಲ್ಲುತ್ತಿದ್ದ ಹುಡುಗನ ನೋಟ. ಅವಳಿಗೆ ಒಂದು ಕ್ಷಣ ಅಯ್ಯೋ ಅನಿಸಿತು. ಅನಿಸಿದರೂ ಬಾಯಿ ಬಿಡಲಿಲ್ಲ.

ಕೊನೆಗೆ ಅವನು ಬಾಲ್ಕನಿಯ ಕಡೆ ಕತ್ತೆತ್ತಿದ. "ಪುಟ್ಟಿ, ಎಲ್ಲಿಂದ ಶುರು? ಮೊದಲನೇ ಪದ ಹೇಳು ಸಾಕು."

ದಾಶಾ ಬಾಯಿ ತೆರೆದಳು. ಪದ ಅವಳ ತುದಿನಾಲಿಗೆಯಲ್ಲಿತ್ತು, ಅದು ಬ್ಲೂಮಾಗೆ ಕೆಳಗಿನಿಂದಲೇ ಕಾಣುತ್ತಿತ್ತು. ಆಮೇಲೆ ಹುಡುಗಿ ಬಾಯಿ ಮುಚ್ಚಿ, ಕಟಕಟೆಯ ಮೇಲೆ ಎರಡೂ ಕೈ ಕಟ್ಟಿಕೊಂಡಳು.

"ಹೇಳ್ಕೊಡ್ತೀನಿ ಅಂಕಲ್. ಮಂಗಳವಾರ ನಾಲ್ಕು ಗಂಟೆಗೆ ಬನ್ನಿ. ಹಿಂದಿನ ರೂಮಿಗೆ."

ಈ ಸಲ ಯಾರೂ ನಗಲಿಲ್ಲ. ಬಾಲ್ಕನಿಯಲ್ಲಿ ರಿಮ್ಮಾ ಮಗಳ ಲಂಗ ಬಿಟ್ಟು ಪಕ್ಕದಲ್ಲಿ ಎದ್ದು ನಿಂತಳು. "ನಾನೂ ಬರ್ತೀನಿ. ನಂದೂ ಅರ್ಧ ಪುಸ್ತಕ ಬಾಕಿ ಇದೆ," ಅಂದಳು, ಕೆಳಗಿನ ಕೊನೆಯ ಬೆಂಚಿಗೂ ಕೇಳುವ ಹಾಗೆ. ಅವಳ ಹಿಂದೆ ಇನ್ನೊಬ್ಬ ತಾಯಿ ಎದ್ದಳು. ಕೆಳಗೆ ಗಂಡಸರ ನಡುವೆ ಪುಟ್ಟ ಕುರ್ಚಿಯಲ್ಲಿ ಕೂತು ಅಭ್ಯಾಸವಿದ್ದ ಅಪ್ಪಂದಿರು ಎದ್ದರು.

ಡ್ಯಾರೆನ್ ಕಡ್ಡಿಯನ್ನು ಮೇಜಿನ ಮೇಲಿಟ್ಟ.

"ಸರಿ. ಕೋಣೆ ಇರ್ಲಿ," ಅಂದ.

"ಮೇಲಿನವರಿಗೆ ಕೇಳಿಸ್ಲಿಲ್ಲ," ಅಂದಳು ಬ್ಲೂಮಾ.

"ಕೋಣೆ ಇರತ್ತೆ!" ಡ್ಯಾರೆನ್ ಕೂಗಿದ. "ಸೋಮವಾರ ಯಾರೂ ಬರಲ್ಲ. ಪಾಠ ಅಲ್ಲೇ ನಡೆಯತ್ತೆ."

"ಎಲ್ಲಿ ತನಕ?"

"ಮಕ್ಕಳು ಬರೋ ತನಕ. ಸಾಕಾ ಮೋರಾ? ಇನ್ನೂ ಬಗ್ಗಬೇಕಾ?"

"ಸಾಕು," ಅಂದಳು ಬ್ಲೂಮಾ. "ತೂವಿಯಾ, ಓದಿ. ಮೊದಲಿನಿಂದ."

ಅವಳು ಮೆಟ್ಟಿಲು ಹತ್ತಿ ಬಾಲ್ಕನಿಗೆ ಹೋದಳು. ಕೆಳಗೆ ತೂವಿಯಾ ಮೂರನೆಯ ದಿನಕ್ಕೆ ಬಂದು, ಬೇಕೆಂದೇ ನಿಧಾನ ಮಾಡಿ, "ಒಳ್ಳೆಯದಾಯಿತು" ಅನ್ನುವುದನ್ನು ಎರಡು ಸಲವೂ ಉದ್ದಕ್ಕೆ ಎಳೆದು ಓದಿದ. ಚೋಲೆಂಟು ಅವತ್ತು ತಳ ಹತ್ತಿತ್ತು, ಯಾರೂ ತಕರಾರು ಮಾಡಲಿಲ್ಲ.

ಮಂಗಳವಾರ ಡ್ಯಾರೆನ್ ಬಂದ. ಬರುವುದಿಲ್ಲ ಅಂತ ಮಕ್ಕಳು ಪಂಥ ಕಟ್ಟಿಕೊಂಡಿದ್ದವು, ಆದರೂ ಬಂದ, ಸ್ವಲ್ಪ ತಡವಾಗಿ. ದಾಶಾ ಗಡಿಯಾರ ನೋಡಿ, ರಿಮ್ಮಾಳ ಪಕ್ಕ ಒಂದು ಪುಟ್ಟ ಕುರ್ಚಿ ಎಳೆದಿಟ್ಟಳು. ಮಂಡಿ ಎದೆಗೆ ತಾಗುವ ಹಾಗೆ ಮಡಿಸಿಕೊಂಡು ಕೂತ.

ಬ್ಲೂಮಾ ಕೇಕಿನ ತಟ್ಟೆ ತಂದು ಅವನ ಮುಂದಿಟ್ಟಳು. ಅವನು ಒಂದು ತುಂಡು ಕಚ್ಚಿದ, ದವಡೆ ನಿಂತುಹೋಯಿತು. ಅಟ್ಟೆಗಿಂತ ಗಟ್ಟಿಯಾಗಿತ್ತು.

"ಮೋರಾ, ಈಗಲೂ ಸಿಟ್ಟಾ? ಮಾತು ಕೊಟ್ಟೆನಲ್ಲ!"

"ಕೊಟ್ಟಿದೀಯ. ನೆನಪಿರ್ಲಿ ಅಂತ," ಅಂದಳು ಬ್ಲೂಮಾ. "ತಿನ್ನು. ಮೂರನೇ ದಿನ ತೆಗೆ."

ಅವನು ಪೂರ್ತಿ ತಿಂದ, ಪುಸ್ತಕ ತೆಗೆದ.